ಚಳಿಗೆ ಏಳದ ಬೋರ್ಡು: ಮೆಮೊರಿಯ ರೀಡ್ ಸ್ಟ್ರೋಬ್ ದೋಷ ಹುಡುಕುವ ಬಗೆ

ದೂರು ಬಂದದ್ದು ಆಲ್ದೂರು ಕಡೆಯ ಒಂದು ಕಾಫಿ ತೋಟದಿಂದ. ಡಿಸೆಂಬರ್ ಕೊನೆ, ಅರೇಬಿಕಾ ಕೊಯ್ಲು ಜೋರಾಗಿ ನಡೆಯುವ ಸಮಯ. ಕಣದ ಪಕ್ಕದ ಕಂಬಕ್ಕೆ ನಾವು ಒಂದು ಡಬ್ಬ ಕೂರಿಸಿದ್ದೆವು. ಅದರೊಳಗೆ ಅಂಗೈಯಷ್ಟು ಕಂಪ್ಯೂಟರ್ ಬೋರ್ಡು. ಮಳೆ, ಉಷ್ಣತೆ, ಗಾಳಿಯ ತೇವ ಅಳೆದು ತೋಟದವರ ಮೊಬೈಲಿಗೆ ಕಳಿಸುವುದು ಅದರ ಕೆಲಸ. ಒಣಗಲು ಹರಡಿದ ಕಾಫಿಯ ಮೇಲೆ ಅಕಾಲದ ಹನಿ ಬಿದ್ದರೆ ಏನಾಗುತ್ತದೆ ಅಂತ ಚಿಕ್ಕಮಗಳೂರಿನವರಿಗೆ ಹೇಳಬೇಕಾಗಿಲ್ಲ. ಹಾಗಾಗಿ ಈ ಡಬ್ಬ ಬೆಳಿಗ್ಗೆ ಕೆಲಸ ಮಾಡಲೇಬೇಕು.

ತೋಟದ ರೈಟರು ಫೋನ್ ಮಾಡಿದರು. "ಸಾರ್, ರಾತ್ರಿ ಕರೆಂಟ್ ಹೋಗಿ ಬೆಳಗಿನ ಜಾವ ಬಂದ್ರೆ ಇದು ಏಳೋದೇ ಇಲ್ಲ. ಹತ್ತು ಗಂಟೆಗೆ ಬಿಸಿಲು ಬಿದ್ಮೇಲೆ ತಾನಾಗೇ ಶುರುವಾಗುತ್ತೆ. ನಿನ್ನೆ ಬಿಚ್ಚಿ ಬಚ್ಚಲೊಲೆ ಹತ್ರ ಇಟ್ಟಿದ್ದೆ. ಐದೇ ನಿಮಿಷಕ್ಕೆ ಎದ್ದುಬಿಡ್ತು."

ಆ ಬಚ್ಚಲೊಲೆಯ ಮಾತೇ ಅರ್ಧ ದಾರಿ ತೋರಿಸಿತು. ಬೆಚ್ಚಗಿದ್ದರೆ ಸರಿ, ತಣ್ಣಗಿದ್ದರೆ ಇಲ್ಲ. ರಿಪೇರಿಗೆ ಬಂದವರ ಮಾತನ್ನು ಪೂರ್ತಿ ಕೇಳಿಸಿಕೊಳ್ಳಿ. ಅವರು ತಮಗೆ ಗೊತ್ತಿಲ್ಲದೆಯೇ ಒಂದು ಪರೀಕ್ಷೆ ಮಾಡಿ ಮುಗಿಸಿರುತ್ತಾರೆ.

ಇಂಥ ಬೋರ್ಡು ನಿಮ್ಮ ಕೈಗೆ ಬಂದರೆ ಹೇಗೆ ಹುಡುಕಬೇಕು ಅನ್ನುವುದನ್ನು ಇಲ್ಲಿ ಬರೆದಿದ್ದೇನೆ. ನಮ್ಮ ಬೋರ್ಡಿನಲ್ಲಿ ಇದ್ದದ್ದು ಡಿಡಿಆರ್3 ಮೆಮೊರಿ, 16 ಬಿಟ್‌ನ ಎರಡು ಚಿಪ್ಪು, ಒಟ್ಟು 32 ಬಿಟ್ ಅಗಲ. ಕ್ಲಾಕ್, ಅಂದರೆ ಎಲ್ಲ ಕೆಲಸಕ್ಕೂ ತಾಳ ಹಾಕುವ ಸಿಗ್ನಲ್, 400 ಮೆಗಾಹರ್ಟ್ಸ್. ಡಿಡಿಆರ್4 ಆದರೆ ಅಂಕಿಗಳು ಬೇರೆ, ಹುಡುಕುವ ದಾರಿ ಬಹುಪಾಲು ಇದೇ.

ಮೊದಲು ಮೀಟರ್ ಹಿಡಿಯಿರಿ

ಚಳಿಗೆ ಕೈಕೊಡುವ ವಸ್ತು ಬೋರ್ಡಿನಲ್ಲಿ ಮೆಮೊರಿ ಒಂದೇ ಅಲ್ಲ. ಎಲೆಕ್ಟ್ರೋಲಿಟಿಕ್ ಕೆಪಾಸಿಟರ್ ತಣ್ಣಗಾದಾಗ ಅದರ ಒಳ ರೆಸಿಸ್ಟನ್ಸ್ ಏರುತ್ತದೆ, ಸಪ್ಲೈ ಕುಲುಕುತ್ತದೆ. ಬಿರುಕು ಬಿಟ್ಟ ಬೆಸುಗೆ ಕುಗ್ಗಿ ಬಾಯಿ ತೆರೆಯುತ್ತದೆ. ಇಬ್ಬನಿ ಬಿದ್ದು ಪಿನ್ನುಗಳ ನಡುವೆ ಲೀಕ್ ಆಗುತ್ತದೆ. ಅದಕ್ಕೇ ಮೊದಲು ಸುಲಭದ್ದನ್ನು ನೋಡಿ ಮುಗಿಸಿ.

ಮೆಮೊರಿ ಸಪ್ಲೈ 1.5 ವೋಲ್ಟ್ ಇರಬೇಕು, 1.425ಕ್ಕಿಂತ ಕೆಳಗೆ ಇಳಿಯಬಾರದು, 1.575 ದಾಟಬಾರದು. ರೆಫರೆನ್ಸ್ ವೋಲ್ಟೇಜ್ ಅದರ ಅರ್ಧ, ಅಂದರೆ 0.75. ಪ್ರತಿ ಚಿಪ್ಪಿನ ಝಡ್‌ಕ್ಯೂ ಪಿನ್ನಿನಿಂದ ಗ್ರೌಂಡಿಗೆ 240 ಓಮ್‌ನ, ಶೇಕಡಾ 1ರ ರೆಸಿಸ್ಟರ್ ಇರುತ್ತದೆ. ಚಿಪ್ಪು ತನ್ನ ಔಟ್‌ಪುಟ್ ಬಲವನ್ನು ಸರಿಮಾಡಿಕೊಳ್ಳುವುದು ಅದನ್ನು ಅಳತೆಗೋಲಾಗಿ ಇಟ್ಟುಕೊಂಡು. ಪವರ್ ತೆಗೆದು ಅದನ್ನೂ ಅಳೆಯಿರಿ. ಬೇರೆ ಬೆಲೆಯ ರೆಸಿಸ್ಟರ್ ಕೂತಿರುವ ಬೋರ್ಡು ನಾನು ನೋಡಿದ್ದೇನೆ.

ನಮ್ಮ ಬೋರ್ಡಿನಲ್ಲಿ ಇವೆಲ್ಲ ಸರಿಯಾಗಿದ್ದವು.

ಸ್ಟ್ರೋಬ್ ಅಂದರೆ ಏನು, ಗೇಟ್ ಯಾಕೆ ಬೇಕು

ಇಲ್ಲಿ ಸ್ವಲ್ಪ ನಿಂತು ಅರ್ಥ ಮಾಡಿಕೊಳ್ಳಬೇಕು. ಇಲ್ಲದಿದ್ದರೆ ಮುಂದಿನ ಪರೀಕ್ಷೆಗಳು ಸುಮ್ನೆ ಅಂಕಿ ಬದಲಾಯಿಸುವ ಆಟ ಆಗುತ್ತವೆ.

ತೋಟದಲ್ಲಿ ಸಂಜೆ ಹಣ್ಣು ತೂಗುವುದನ್ನು ನೋಡಿದ್ದೀರಲ್ವಾ? ಕೊಯ್ದವರು ಚೀಲ ಹಿಡಿದು ಸಾಲಾಗಿ ಬರುತ್ತಾರೆ. ಮೇಸ್ತ್ರಿ ಒಂದೊಂದೇ ತೂಕ ಕೂಗುತ್ತಾರೆ. ರೈಟರು ಪುಸ್ತಕದಲ್ಲಿ ಹೆಸರಿನ ಮುಂದೆ ಬರೆಯುತ್ತಾ ಹೋಗುತ್ತಾರೆ. ಮೆಮೊರಿ ಓದುವುದೂ ಹೀಗೆಯೇ. ಚಿಪ್ಪು ಒಂದು ಸಲಕ್ಕೆ ಎಂಟು ಡೇಟಾ ಸಾಲಾಗಿ ಕಳಿಸುತ್ತದೆ. ಪ್ರತಿ ಡೇಟಾ ಜೊತೆಗೂ ಒಂದು ಕೂಗು ಬರುತ್ತದೆ. ಆ ಕೂಗೇ ಸ್ಟ್ರೋಬ್, ಡಿಕ್ಯೂಎಸ್ ಅನ್ನುವ ತಂತಿ ಜೋಡಿ. ಪ್ರತಿ ಎಂಟು ಡೇಟಾ ತಂತಿಗೆ ಒಂದು ಸ್ಟ್ರೋಬ್ ಜೋಡಿ. ಈ ಗುಂಪಿಗೆ ಲೇನ್ ಅನ್ನುತ್ತೇವೆ. ನಮ್ಮ ಬೋರ್ಡಿನಲ್ಲಿ ನಾಲ್ಕು ಲೇನ್, 0ರಿಂದ 3ರವರೆಗೆ.

ಸ್ಟ್ರೋಬ್ ಏರುವಾಗ ಒಂದು ಡೇಟಾ, ಇಳಿಯುವಾಗ ಇನ್ನೊಂದು. 400 ಮೆಗಾಹರ್ಟ್ಸ್‌ನಲ್ಲಿ ಒಂದು ಕ್ಲಾಕ್ 2.5 ನ್ಯಾನೋಸೆಕೆಂಡ್. ಒಂದು ಡೇಟಾಗೆ ಸಿಗುವುದು 1.25 ಮಾತ್ರ.

ಈ ಕೂಗು ಕ್ಲಾಕ್ ಜೊತೆ ಹೊಂದಿಕೊಂಡು ಬರಬೇಕು. ಹೊರಗಿನ ಕ್ಲಾಕ್ ಚಿಪ್ಪಿನೊಳಗೆ ಬಂದು, ಬಫರುಗಳನ್ನು ದಾಟಿ, ಔಟ್‌ಪುಟ್ ತಲುಪುವಷ್ಟರಲ್ಲಿ ತಡವಾಗಿರುತ್ತದೆ. ಇದಕ್ಕಾಗಿಯೇ ಚಿಪ್ಪಿನೊಳಗೆ ಡಿಎಲ್‌ಎಲ್ ಎಂಬ ಸರ್ಕ್ಯೂಟ್ ಇದೆ. ಅದು ಆ ತಡಕ್ಕೆ ಇನ್ನಷ್ಟು ತಡ ಸೇರಿಸಿ, ಸ್ಟ್ರೋಬ್ ಸರಿಯಾಗಿ ಮುಂದಿನ ಕ್ಲಾಕ್ ಅಂಚಿಗೆ ಹೊರಬೀಳುವಂತೆ ಮಾಡುತ್ತದೆ. ಆದರೂ ಪೂರ್ತಿ ಒಂದೇ ಗೆರೆಗೆ ಬರುವುದಿಲ್ಲ. ಈ ವೇಗದಲ್ಲಿ ಹಿಂದೆ ಮುಂದೆ 400 ಪಿಕೋಸೆಕೆಂಡ್ ತನಕ ವ್ಯತ್ಯಾಸ ಇರಬಹುದು ಅಂತ ಡಿಡಿಆರ್3 ಮಾನದಂಡವೇ ಬಿಟ್ಟುಕೊಟ್ಟಿದೆ.

ಆಮೇಲೆ ಆ ಸ್ಟ್ರೋಬ್ ಬೋರ್ಡಿನ ತಾಮ್ರದ ಗೆರೆಯಲ್ಲಿ ಕಂಟ್ರೋಲರಿಗೆ, ಅಂದರೆ ಮೆಮೊರಿಯಿಂದ ಓದಿ ಬರೆಯುವುದನ್ನು ನೋಡಿಕೊಳ್ಳುವ ಸರ್ಕ್ಯೂಟಿಗೆ ಬರಬೇಕು. ಒಂದು ಮಿಲಿಮೀಟರ್ ಗೆರೆಗೆ ಸುಮಾರು 6ರಿಂದ 7 ಪಿಕೋಸೆಕೆಂಡ್ ಹಿಡಿಯುತ್ತದೆ. ಹತ್ತಿರದ ಚಿಪ್ಪಿನ ಕೂಗು ಬೇಗ, ದೂರದ್ದು ತಡ.

ಈಗ ಮುಖ್ಯ ವಿಷಯ. ಯಾರೂ ಮಾತಾಡದಿದ್ದಾಗ ಸ್ಟ್ರೋಬ್ ತಂತಿ ನಡುಮಟ್ಟದಲ್ಲಿ ತೇಲುತ್ತಿರುತ್ತದೆ. ಆಗ ಕಂಟ್ರೋಲರ್ ಕಿವಿ ತೆರೆದಿದ್ದರೆ ಗದ್ದಲವೂ ಕೂಗಿನಂತೆ ಕೇಳುತ್ತದೆ. ಅದಕ್ಕೆ ಒಂದು ಗೇಟ್ ಇಟ್ಟಿದ್ದಾರೆ. ಡೇಟಾ ಕಳಿಸುವ ಮೊದಲು ಚಿಪ್ಪು ಸ್ಟ್ರೋಬನ್ನು ಸುಮಾರು ಒಂದು ಕ್ಲಾಕ್ ಹೊತ್ತು ಕೆಳಗೆ ಹಿಡಿಯುತ್ತದೆ. ಇದು ಪ್ರಿಯಾಂಬಲ್. ಕೂಗುವ ಮುಂಚೆ ಮೇಸ್ತ್ರಿ ಒಮ್ಮೆ ಗಂಟಲು ಸರಿಮಾಡಿಕೊಂಡ ಹಾಗೆ. ಗೇಟು ತೆರೆಯಬೇಕಾದದ್ದು ಆ ಮೌನದ ಹೊತ್ತಿನಲ್ಲಿ, ಆದಷ್ಟೂ ಅದರ ನಡುವೆ.

ಬೇಗ ತೆರೆದರೆ ಗದ್ದಲ ಎಣಿಕೆಗೆ ಸೇರುತ್ತದೆ. ತಡವಾಗಿ ತೆರೆದರೆ ಮೊದಲ ಏರು, ಅದರ ಜೊತೆಯ ಇಳಿ, ಹೀಗೆ ಮೊದಲ ಎರಡು ಕೂಗು ಒಟ್ಟಿಗೆ ತಪ್ಪುತ್ತವೆ. ಆಗ ಮೂರನೆಯವರ ತೂಕ ಮೊದಲನೆಯವರ ಹೆಸರಿಗೆ, ನಾಲ್ಕನೆಯವರದು ಎರಡನೆಯವರಿಗೆ. ತೂಕ ಒಂದೂ ತಪ್ಪಿಲ್ಲ, ಆದರೆ ಪುಸ್ತಕ ಪೂರ್ತಿ ತಪ್ಪು.

ತಪ್ಪಿನ ಆಕಾರ ನೋಡಿ

ನನ್ನ ಅನುಭವದಲ್ಲಿ ಮೆಮೊರಿ ಕೆಟ್ಟಿದೆಯೋ ಇಲ್ಲವೋ ಅನ್ನುವ ಪ್ರಶ್ನೆಗಿಂತ ಹೇಗೆ ಕೆಟ್ಟಿದೆ ಅನ್ನುವ ಪ್ರಶ್ನೆ ಬೇಗ ದಾರಿಗೆ ತರುತ್ತದೆ. ಮೊದಲ ಹಂತದ ಬೂಟ್‌ಲೋಡರ್, ಅಂದರೆ ಪವರ್ ಬಂದ ಕೂಡಲೇ ಓಡಿ ಬೋರ್ಡನ್ನು ಎಬ್ಬಿಸುವ ಪ್ರೋಗ್ರಾಂ, ಪ್ರೊಸೆಸರ್ ಒಳಗಿನ ಪುಟ್ಟ ಮೆಮೊರಿಯಲ್ಲೇ ಓಡುತ್ತದೆ. ಹೊರಗಿನ ಮೆಮೊರಿ ಕೈಕೊಟ್ಟರೂ ಸೀರಿಯಲ್ ಕೇಬಲ್ ಹಾಕಿದರೆ ಅದು ಮಾತಾಡುತ್ತದೆ. ಪರೀಕ್ಷೆ ಅಲ್ಲೇ ಬರೆಯಿರಿ. ಕ್ಯಾಷ್, ಅಂದರೆ ಇತ್ತೀಚಿನ ಡೇಟಾದ ಪ್ರತಿಯನ್ನು ಪ್ರೊಸೆಸರ್ ತನ್ನ ಬಳಿ ಇಟ್ಟುಕೊಳ್ಳುವ ಜಾಗ, ಮುಚ್ಚಿರಲಿ. ಇಲ್ಲದಿದ್ದರೆ ನೀವು ಓದುವುದು ಮೆಮೊರಿಯನ್ನಲ್ಲ, ಕ್ಯಾಷಿನಲ್ಲಿ ಉಳಿದ ಪ್ರತಿಯನ್ನು. ಕ್ಯಾಷ್ ಮುಚ್ಚಿದರೆ ಎಂಟರ ಸಾಲನ್ನು ಒಟ್ಟಿಗೆ ಓದಲು ಡಿಎಂಎ, ಅಂದರೆ ಪ್ರೊಸೆಸರಿನ ಬದಲು ತಾನೇ ಡೇಟಾ ಸಾಗಿಸುವ ಸರ್ಕ್ಯೂಟ್, ಬಳಸಿ.

ನಾನು ಬೋರ್ಡನ್ನು ಸಿಲಿಕಾ ಜೆಲ್ ಪೊಟ್ಟಣದ ಜೊತೆ ಪ್ಲಾಸ್ಟಿಕ್ ಕವರಿನಲ್ಲಿ ಬಿಗಿದು, ಕೇಬಲ್ ಮಾತ್ರ ಹೊರಗೆ ಬಿಟ್ಟು, ಮನೆಯ ಫ್ರಿಜ್ಜಿನಲ್ಲಿ ಇಟ್ಟೆ. ಹೊರಗೆ ತೆಗೆದಾಗ ನೀರು ಕಟ್ಟಬಾರದು, ಅದಕ್ಕೇ ಕವರು. ಅರ್ಧ ಗಂಟೆ ಬಿಟ್ಟು ಪವರ್ ಕೊಟ್ಟೆ. ಎಂಟು ಪದಗಳನ್ನು ಬರೆದು ಓದುವ ಪರೀಕ್ಷೆ. ಪದ ಅಂದರೆ 32 ಬಿಟ್; ಇಲ್ಲಿ ಹೆಕ್ಸ್‌ನಲ್ಲಿ ಬರೆದಿದ್ದೇನೆ, ಎರಡೆರಡು ಅಂಕಿಗೆ ಒಂದು ಲೇನ್. ಬರೆದದ್ದು 11111111, 22222222, 33333333, ಹೀಗೆ 88888888ರ ತನಕ. ಪರದೆಯ ಮೇಲೆ ಬಂದದ್ದು ಇದು:

11111133
22222244
33333355
44444466
55555577
66666688

ಕೊನೆಯ ಎರಡು ಪದಗಳ ಬಾಲದಲ್ಲಿ ಹಳೆಯ ಕಸ. ನೋಡಿದ ತಕ್ಷಣ ಕುರ್ಚಿಯಿಂದ ಮುಂದಕ್ಕೆ ಬಾಗಿದೆ. ಮೂರು ಲೇನ್ ಸರಿ. ಕೊನೆಯ ಎರಡು ಅಂಕಿ, ಅಂದರೆ ಲೇನ್ 0, ಎರಡು ಹೆಜ್ಜೆ ಮುಂದೆ ಓಡಿದೆ. ಎರಡು ಡೇಟಾ ಅಂದರೆ ಸರಿಯಾಗಿ ಒಂದು ಕ್ಲಾಕ್.

ಈ ಆಕಾರ ಇನ್ನಾವ ದೋಷದಿಂದಲೂ ಸುಲಭಕ್ಕೆ ಬರುವುದಿಲ್ಲ. ಬೆಸುಗೆ ಬಿಟ್ಟಿದ್ದರೆ ಒಂದೇ ಒಂದು ಬಿಟ್ ಪ್ರತಿ ಸಲ ತಪ್ಪುತ್ತದೆ. ಸಪ್ಲೈ ಕುಲುಕಿದರೆ ತಪ್ಪು ನಾಲ್ಕೂ ಲೇನ್‌ಗಳಲ್ಲಿ ಚದುರಿರುತ್ತದೆ. ರೆಫರೆನ್ಸ್ ವೋಲ್ಟೇಜ್ ಏರಿದರೆ ಹೆಚ್ಚಾಗಿ 1 ಇದ್ದದ್ದು 0 ಆಗುತ್ತದೆ, ಇಳಿದರೆ ಅದರ ತಿರುವು. ಗೇಟು ಸರಿಯಾಗಿದ್ದು ಸ್ಟ್ರೋಬ್ ಡೇಟಾದ ನಡುವೆ ಬೀಳದಿದ್ದರೆ ಅಲ್ಲೊಂದು ಇಲ್ಲೊಂದು ಬಿಟ್ ಹೋಗುತ್ತದೆ, ಸಾಲು ಜರುಗುವುದಿಲ್ಲ. ಒಂದು ಲೇನಿನ ಎಂಟೂ ಬಿಟ್ ಒಟ್ಟಿಗೆ, ಕಾಲದಲ್ಲಿ ಜರುಗಿದರೆ ಗೇಟನ್ನೇ ಮೊದಲು ಅನುಮಾನಿಸಿ.

ಬೇಗವೋ ತಡವೋ ಅಂತಲೂ ಇಲ್ಲೇ ಗೊತ್ತಾಗುತ್ತದೆ. ಬೇಗ ತೆರೆದ ಗೇಟು ಗದ್ದಲ ಹಿಡಿಯುವುದರಿಂದ ಪ್ರತಿ ಸಲ ಬೇರೆ ಬೇರೆ ಉತ್ತರ. ತಡವಾದ ಗೇಟಿಗೆ ಉತ್ತರ ತಪ್ಪಾದರೂ ಒಂದೇ. ನಮ್ಮದು ಹತ್ತು ಸಲ ಓದಿದರೆ ಹತ್ತೂ ಸಲ ಇದೇ ಸಾಲು ಕೊಟ್ಟಿತು. ಹಾಗಾದರೆ ತಡ.

ಬರೆಯುವಾಗಲೇ ತಪ್ಪಾಗಿರಬಾರದೇಕೆ ಅಂತ ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆ. ತಪ್ಪಾಗಿ ಓದಿದ ಬೋರ್ಡನ್ನು ಆಫ್ ಮಾಡದೆ, ಮತ್ತೆ ಬರೆಯದೆ, ಹೇರ್ ಡ್ರೈಯರ್‌ನಿಂದ ನಿಧಾನಕ್ಕೆ ಬಿಸಿ ಮಾಡಿ, ಕಂಟ್ರೋಲರಿನ ಓದುವ ಎಣಿಕೆಯನ್ನು ಮಾತ್ರ ರಿಸೆಟ್ ಮಾಡಿ ಮತ್ತೆ ಓದಿ. ಈಗ ಸರಿಯಾದ ಡೇಟಾ ಬಂದರೆ ಮೆಮೊರಿಯೊಳಗೆ ಮೊದಲಿಂದಲೂ ಅದು ಸರಿಯಾಗಿಯೇ ಇತ್ತು ಅಂತಾಯಿತು. ಓದುವ ದಾರಿಯೇ ಕೆಟ್ಟದ್ದು. ಎಣಿಕೆ ರಿಸೆಟ್ ಮಾಡುವುದನ್ನು ಮರೆಯಬೇಡಿ. ಒಮ್ಮೆ ಕೂಗು ತಪ್ಪಿದರೆ ಎಷ್ಟೋ ಕಂಟ್ರೋಲರುಗಳಲ್ಲಿ ಎಣಿಕೆ ಹಾಗೇ ಜರುಗಿ ನಿಲ್ಲುತ್ತದೆ, ಬಿಸಿ ಮಾಡಿದರೂ ಸರಿಹೋಗದು. ನಮ್ಮ ಬೋರ್ಡಿನಲ್ಲಿ ರಿಸೆಟ್ ಕೊಟ್ಟ ಕೂಡಲೇ 11111111ರಿಂದ ಸಾಲು ನೆಟ್ಟಗೆ ಬಂತು.

ಹಳೆಯ ಪರೀಕ್ಷೆ ಯಾಕೆ ಪಾಸು ಮಾಡಿತು

ನನ್ನನ್ನು ಜಾಸ್ತಿ ಕಾಡಿದ್ದು ಇದು. ಬೋರ್ಡು ತಯಾರಾದಾಗ ಮೆಮೊರಿ ಪರೀಕ್ಷೆ ಆಗಿತ್ತು. ಫ್ರಿಜ್ಜಿನಲ್ಲಿಟ್ಟು ಅದೇ ಹಳೆಯ ಪರೀಕ್ಷೆ ಓಡಿಸಿದೆ. ಪಾಸು! ಲೇನ್ 0 ಒಂದು ಕ್ಲಾಕ್ ಜರುಗಿದ್ದು ಕಣ್ಣೆದುರಿಗೇ ಇದೆ, ಪರೀಕ್ಷೆ ಮಾತ್ರ ಎಲ್ಲ ಸರಿ ಅನ್ನುತ್ತದೆ.

ಕೋಡ್ ತೆರೆದು ನೋಡಿದೆ. ಅದು ಬರೆಯುತ್ತಿದ್ದದ್ದು 01010101, ಆಮೇಲೆ 10101010, ಮತ್ತೆ 01010101, ಮತ್ತೆ 10101010. ಎರಡು ಹೆಜ್ಜೆಗೊಮ್ಮೆ ಮರುಕಳಿಸುವ ಸಾಲು. ಅದನ್ನು ಎರಡು ಹೆಜ್ಜೆ ಜರುಗಿಸಿದರೆ ಏನು ಸಿಗುತ್ತದೆ? ಅದೇ ಸಾಲು. ಕೊನೆಗೆ ಉಳಿಯುವ ಹಳೆಯ ಕಸವೂ ಹಿಂದಿನ ಓದಿನ ಅದೇ ಸಾಲಿನದು. ತೋಟದಲ್ಲಿ ಎಲ್ಲರೂ ಸರದಿಯಂತೆ 40 ಕಿಲೋ, 50 ಕಿಲೋ, 40, 50 ಅಂತ ಕೊಯ್ದು ತಂದಿದ್ದರೆ ರೈಟರು ಇಬ್ಬರನ್ನು ಬಿಟ್ಟು ಬರೆದದ್ದು ಯಾರಿಗೂ ಗೊತ್ತಾಗುತ್ತಿರಲಿಲ್ಲ.

ಡಿಡಿಆರ್3 ಚಿಪ್ಪಿನೊಳಗೇ ಟ್ರೇನಿಂಗಿಗೆಂದು, ಅಂದರೆ ಈ ಹೊತ್ತುಗಳನ್ನು ಅಳೆದು ಹೊಂದಿಸಲೆಂದು, ಒಂದು ಸೌಲಭ್ಯ ಇದೆ. ಚಿಪ್ಪಿನ ಸೆಟ್ಟಿಂಗ್ ಇಡುವ ಜಾಗಗಳಲ್ಲಿ ಒಂದಾದ ಮೋಡ್ ರಿಜಿಸ್ಟರ್ 3ರ ಎ2 ಬಿಟ್ ಏರಿಸಿದರೆ, ಮೆಮೊರಿಯಲ್ಲಿ ಏನೇ ಇರಲಿ, ಚಿಪ್ಪು ತಾನೇ 0, 1, 0, 1, 0, 1, 0, 1 ಅಂತ ಕಳಿಸುತ್ತದೆ. ಏನೂ ಬರೆಯದೆ ಓದುವ ದಾರಿಯನ್ನಷ್ಟೇ ಪರೀಕ್ಷಿಸಲು ಇದು ಬಹಳ ಒಳ್ಳೆಯದು. ಸ್ಟ್ರೋಬನ್ನು ಡೇಟಾದ ನಡುವೆ ಕೂರಿಸಲು ಇದನ್ನೇ ಬಳಸಿ. ಕೆಲವು ಚಿಪ್ಪುಗಳಲ್ಲಿ ಈ ಸಾಲು ಪ್ರತಿ ಲೇನಿನ ಮೊದಲ ತಂತಿಯಲ್ಲಿ ಮಾತ್ರ ಬರುತ್ತದೆ, ಉಳಿದವು 0 ಇರುತ್ತವೆ. ಅದನ್ನು ದೋಷ ಅಂದುಕೊಳ್ಳಬೇಡಿ. ಆದರೆ ಇದೂ ಎರಡು ಹೆಜ್ಜೆಗೆ ಮರುಕಳಿಸುವ ಸಾಲೇ. ಗೇಟು ಪೂರ್ತಿ ಒಂದು ಕ್ಲಾಕ್ ತಪ್ಪಿದ್ದರೆ ಇದಕ್ಕೂ ಕಾಣುವುದಿಲ್ಲ. ಗೇಟಿಗೆ ಮಾತ್ರ ಎಂಟೂ ಬೇರೆ ಬೇರೆ ಇರುವ ಸಾಲೇ ಆಗಬೇಕು. ಈ ಕೈಪಿಡಿಯಿಂದ ಒಂದೇ ಮಾತು ನಿಮ್ಮ ತಲೆಯಲ್ಲಿ ಉಳಿಯುವುದಾದರೆ ಇದು ಉಳಿಯಲಿ.

ಕಿಟಕಿ ಅಳೆಯುವುದು

ದೋಷ ಎಲ್ಲಿದೆ ಅಂತ ಗೊತ್ತಾಯಿತು. ಎಷ್ಟಿದೆ ಅಂತ ಅಳೆಯಬೇಕು. ಆಸಿಲೋಸ್ಕೋಪ್ ಹಿಡಿಯುವ ಆಸೆ ಎಲ್ಲರಿಗೂ ಇರುತ್ತದೆ. ಆದರೆ ನಮ್ಮ ಊರಿನ ಅಂಗಡಿಗಳಲ್ಲಿ ಸಿಗುವ 100, 200 ಮೆಗಾಹರ್ಟ್ಸ್ ಸ್ಕೋಪಿಗೆ 400 ಮೆಗಾಹರ್ಟ್ಸ್ ಸ್ಟ್ರೋಬಿನ ಅಂಚು ಕಾಣುವುದಿಲ್ಲ. ಒಳ್ಳೆಯ ಸ್ಕೋಪ್ ಇದ್ದರೂ ಕಂಟ್ರೋಲರಿನ ಒಳಗಿನ ಗೇಟಿಗೆ ಪ್ರೋಬ್ ಇಡಲು ಆಗದು. ಅದಕ್ಕಿಂತ ಕಂಟ್ರೋಲರನ್ನೇ ಅಳತೆಗೋಲು ಮಾಡಿಕೊಳ್ಳಿ.

ಗೇಟಿನ ತಡವನ್ನು ಒಂದು ರಿಜಿಸ್ಟರಿನಲ್ಲಿ ಬರೆದಿಡುತ್ತಾರೆ. ನಮ್ಮ ಕಂಟ್ರೋಲರಿನಲ್ಲಿ ಒಂದು ಮೆಟ್ಟಿಲು ಅಂದರೆ ಕ್ಲಾಕಿನ 256ನೇ ಒಂದು ಭಾಗ, ಹತ್ತಿರ ಹತ್ತಿರ 10 ಪಿಕೋಸೆಕೆಂಡ್. ಒಂದೊಂದೇ ಮೆಟ್ಟಿಲು ಏರಿಸುತ್ತಾ, ಪ್ರತಿ ಸಲ ಎಣಿಕೆ ರಿಸೆಟ್ ಮಾಡಿ, ಮೇಲಿನ ಎಂಟು ಪದಗಳ ಪರೀಕ್ಷೆ ಓಡಿಸಿ. ಎಲ್ಲಿಂದ ಎಲ್ಲಿಯ ತನಕ ಪಾಸಾಗುತ್ತದೋ ಅದೇ ಆ ಲೇನಿನ ಕಿಟಕಿ.

ಬೋರ್ಡು ಒಂದು ಗಂಟೆ ಓಡಿ ಬೆಚ್ಚಗಾದ ಮೇಲೆ, ಚಿಪ್ಪಿನ ಮೇಲ್ಮೈ 45 ಡಿಗ್ರಿ ಇದ್ದಾಗ, ಲೇನ್ 0ರ ಕಿಟಕಿ 12ರಿಂದ 207. ಲೇನ್ 1ರದು 19ರಿಂದ 214. ದೂರದ ಚಿಪ್ಪಿನ ಲೇನ್ 2ರದು 52ರಿಂದ 247, ಲೇನ್ 3ರದು 58ರಿಂದ 253. ದೂರದ ಚಿಪ್ಪಿಗೆ ಕ್ಲಾಕ್ ಹೋಗಿ ಸ್ಟ್ರೋಬ್ ಬರುವ ದಾರಿ ಹತ್ತಿರದ್ದಕ್ಕಿಂತ ಒಟ್ಟು 65, 70 ಮಿಲಿಮೀಟರ್ ಹೆಚ್ಚು ಉದ್ದ. ಲೆಕ್ಕ ಹಾಕಿದರೆ ಸುಮಾರು 390ರಿಂದ 490 ಪಿಕೋಸೆಕೆಂಡ್, ಅಂದರೆ 40ರಿಂದ 50 ಮೆಟ್ಟಿಲು. ಅಳತೆಯಲ್ಲಿ ಬಂದ ಸುಮಾರು 40ಕ್ಕೆ ತಾಳೆಯಾಯಿತು. ಹೀಗೆ ತಾಳೆ ನೋಡುವುದು ಒಳ್ಳೆಯ ಅಭ್ಯಾಸ. ತಾಳೆಯಾಗದಿದ್ದರೆ ನಿಮ್ಮ ಪರೀಕ್ಷೆಯಲ್ಲೇ ಏನೋ ತಪ್ಪಿದೆ.

ಇನ್ನು ಬೂಟ್‌ಲೋಡರಿನಲ್ಲಿ ಬರೆದಿಟ್ಟ ಅಂಕಿ ಎಷ್ಟು? ನಾಲ್ಕೂ ಲೇನಿಗೆ 200. ಮಾದರಿ ಬೋರ್ಡಿನ ಅಂಕಿಯನ್ನು ಹಾಗೇ ತಂದು ಹಾಕಿದ್ದರು. ಮಾದರಿ ಬೋರ್ಡು ದೊಡ್ಡದು, ಗೆರೆಗಳು ಉದ್ದ, ಅಲ್ಲಿ 200 ಸರಿಯಿತ್ತು. ನಮ್ಮ ಪುಟ್ಟ ಬೋರ್ಡಿನಲ್ಲಿ ಲೇನ್ 0 ಕಿಟಕಿಯ ಅಂಚಿನಿಂದ ಬರೀ 7 ಮೆಟ್ಟಿಲು ದೂರ. 70 ಪಿಕೋಸೆಕೆಂಡ್ ಕೂಡ ಇಲ್ಲ.

ತೋಟದಲ್ಲಿ ಬೆಳಿಗ್ಗೆ ಆರಕ್ಕೆ ಡಬ್ಬದೊಳಗೆ 11 ಡಿಗ್ರಿ ಇತ್ತು. ಅಷ್ಟೇ ಚಳಿಯಲ್ಲಿ ಅಳೆದಾಗ ಲೇನ್ 0ರ ಕಿಟಕಿ 2ರಿಂದ 197ಕ್ಕೆ ಜರುಗಿತ್ತು. ತಣ್ಣಗಾದಾಗ ಬಫರುಗಳು ಚುರುಕಾಗುತ್ತವೆ, ಸ್ಟ್ರೋಬ್ ಬೇಗ ಬರುತ್ತದೆ. ಗೇಟಿನ ತಡವನ್ನು ಕಂಟ್ರೋಲರ್ ಕ್ಲಾಕಿಗೆ ಹೋಲಿಸಿ ಹಿಡಿದಿಡುವುದರಿಂದ ಅದು ಅಲ್ಲೇ ನಿಂತಿರುತ್ತದೆ. 34 ಡಿಗ್ರಿ ವ್ಯತ್ಯಾಸಕ್ಕೆ 10 ಮೆಟ್ಟಿಲು. 200 ಕಿಟಕಿಯ ಆಚೆ ಬಿತ್ತು. ಲೇನ್ 1ರ ಅಂಚು 204ಕ್ಕೆ ಬಂದಿತ್ತು, ಕೂದಲೆಳೆಯಲ್ಲಿ ಉಳಿದುಕೊಂಡಿತ್ತು. ಅಂಚಿನ ಹತ್ತಿರ ಮೊದಲ ಕೂಗು ಅರೆಬರೆ ಕೇಳುತ್ತದೆ, ಒಮ್ಮೆ ಲೆಕ್ಕಕ್ಕೆ ಬರುತ್ತದೆ, ಒಮ್ಮೆ ಇಲ್ಲ. ಕೆಲವು ಬೆಳಿಗ್ಗೆ ಎಂಟಕ್ಕೇ ಏಳುತ್ತದೆ, ಕೆಲವು ದಿನ ಹತ್ತಾಗುತ್ತದೆ ಅಂತ ರೈಟರು ಹೇಳಿದ್ದು ಇದೇ. ಅದಕ್ಕಿಂತ ತಣ್ಣಗಿನ ಫ್ರಿಜ್ಜಿನಲ್ಲಿ ಪ್ರತಿ ಸಲವೂ ತಪ್ಪಿದ್ದು ಯಾಕೆ ಅಂತಲೂ ಇದರಿಂದ ತಿಳಿಯುತ್ತದೆ.

ಎರಡು ಕಡೆ ಎಡವುವ ಸಾಧ್ಯತೆ

ಕ್ಲಾಕ್ ಕಮ್ಮಿ ಮಾಡಿ ನೋಡೋಣ ಅಂತ ಎಲ್ಲರಿಗೂ ಅನಿಸುತ್ತದೆ. ಸ್ವಲ್ಪ ಇಳಿಸಿ, ತಪ್ಪಿಲ್ಲ. ಆದರೆ ಒಂದು ಕ್ಲಾಕ್ 3.3 ನ್ಯಾನೋಸೆಕೆಂಡ್ ದಾಟಿದರೆ, ಅಂದರೆ 300 ಮೆಗಾಹರ್ಟ್ಸ್ ಆಸುಪಾಸಿಗಿಂತ ಕೆಳಗೆ ಹೋದರೆ, ಡಿಡಿಆರ್3 ಚಿಪ್ಪಿನ ಡಿಎಲ್‌ಎಲ್ ಹಿಡಿತಕ್ಕೆ ಬರುವ ಭರವಸೆ ಇಲ್ಲ. ಆಗ ಕಾಣುವುದು ನೀವೇ ಹೊಸದಾಗಿ ತಂದ ದೋಷ. ಡಿಎಲ್‌ಎಲ್ ಇಲ್ಲದೆ ಓಡಿಸುವ ಮೋಡ್ ಬೇರೆಯೇ ಇದೆ. ಅದು 125 ಮೆಗಾಹರ್ಟ್ಸ್ ತನಕ ಮಾತ್ರ, ಅದರ ಸೆಟ್ಟಿಂಗೂ ಬೇರೆ.

ಕ್ಲಾಕ್ ಬದಲಾಯಿಸಿದ ಮೇಲೆ ಡಿಎಲ್‌ಎಲ್ ರಿಸೆಟ್ ಮಾಡಲೇಬೇಕು. ಮೋಡ್ ರಿಜಿಸ್ಟರ್ 0ರ ಎ8 ಬಿಟ್. ರಿಸೆಟ್ ಆದ ಮೇಲೆ 512 ಕ್ಲಾಕ್ ಕಾದು ಆಮೇಲೆ ಓದಿ. ಅವಸರಪಟ್ಟರೆ ಸ್ಟ್ರೋಬ್ ಇನ್ನೂ ಹೊಂದಿಕೊಳ್ಳುತ್ತಿರುವಾಗಲೇ ಓದಿದ ಹಾಗಾಗುತ್ತದೆ. ಮೋಡ್ ರಿಜಿಸ್ಟರ್ 1ರ ಎ0 ಬಿಟ್ 0 ಇದೆಯೇ ಅಂತಲೂ ಒಮ್ಮೆ ನೋಡಿ. 1 ಇದ್ದರೆ ಡಿಎಲ್‌ಎಲ್ ಬಂದ್ ಆಗಿದೆ ಅಂತ ಅರ್ಥ.

ಸರಿಪಡಿಸಿದ್ದು ಹೀಗೆ

ಬೆಚ್ಚಗಿನ ಕಿಟಕಿ, ತಣ್ಣನೆಯ ಕಿಟಕಿ ಎರಡಕ್ಕೂ ಸೇರುವ ಭಾಗ ತೆಗೆದುಕೊಂಡು, ಅದರ ನಡುವಿನ ಅಂಕಿ ಇಟ್ಟೆ. ಲೇನ್ 0ಕ್ಕೆ 12ರಿಂದ 197, ನಡುವೆ 104. ಲೇನ್ 1ಕ್ಕೆ 111, ಲೇನ್ 2ಕ್ಕೆ 144, ಲೇನ್ 3ಕ್ಕೆ 150. ಎರಡೂ ಕಡೆ 90ಕ್ಕಿಂತ ಜಾಸ್ತಿ ಮೆಟ್ಟಿಲು ಜಾಗ ಉಳಿಯಿತು.

ಸ್ಥಿರ ಅಂಕಿಯಲ್ಲೇ ನಿಲ್ಲಿಸಬಹುದಿತ್ತು. ನನಗೆ ಸಮಾಧಾನ ಆಗಲಿಲ್ಲ. ಇನ್ನೊಂದು ಬೋರ್ಡಿಗೆ ಬೇರೆ ಕಂಪನಿಯ ಚಿಪ್ಪು ಬಂದರೆ ಕಿಟಕಿ ಜರುಗುತ್ತದೆ. ಅದಕ್ಕೆ ಬೂಟ್ ಆಗುವಾಗಲೇ ಪ್ರತಿ ಲೇನಿನ ಕಿಟಕಿ ಅಳೆದು ನಡು ಹಿಡಿಯುವಂತೆ ಟ್ರೇನಿಂಗ್ ಸೇರಿಸಿದೆ. ಗೇಟಿಗೆ ಎಂಟು ಬೇರೆ ಪದಗಳ ಸಾಲು. ಆಮೇಲೆ ಸ್ಟ್ರೋಬನ್ನು ಕಾಲು ಕ್ಲಾಕ್, ಅಂದರೆ 625 ಪಿಕೋಸೆಕೆಂಡ್ ಸುತ್ತಮುತ್ತ ಹಿಂದೆ ಮುಂದೆ ಮಾಡಿ, ಡೇಟಾದ ನಡುವೆ ಕೂರಿಸಲು ಚಿಪ್ಪಿನದೇ 0, 1 ಸಾಲು. ಮೊದಲು ಗೇಟು, ಆಮೇಲೆ ಇದು. ಗೇಟು ತಪ್ಪಿದ್ದಾಗ ನಡು ಹುಡುಕಿದರೆ ಸಿಕ್ಕ ಉತ್ತರವನ್ನು ನಂಬುವ ಹಾಗಿಲ್ಲ. ಟ್ರೇನಿಂಗಿನಲ್ಲಿ ಸಿಕ್ಕಿದ ಅಂಕಿ ಮೇಲಿನ ಅಂಕಿಗಳಿಂದ 30 ಮೆಟ್ಟಿಲಿಗಿಂತ ಜಾಸ್ತಿ ದೂರ ಇದ್ದರೆ ಸೀರಿಯಲ್ಲಿನಲ್ಲಿ ಎಚ್ಚರಿಕೆ ಬರುವಂತೆಯೂ ಮಾಡಿದೆ.

ಫ್ರಿಜ್ಜಿನಲ್ಲಿ ಇಪ್ಪತ್ತು ಸಲ ಆಫ್ ಮಾಡಿ ಆನ್ ಮಾಡಿದೆ, ಇಪ್ಪತ್ತೂ ಸಲ ಎದ್ದಿತು. ಹೇರ್ ಡ್ರೈಯರಿನಲ್ಲಿ 60 ಡಿಗ್ರಿ ತನಕ ಕಾಯಿಸಿಯೂ ನೋಡಿದೆ. ಆಮೇಲೆ ತೋಟಕ್ಕೆ ಹೋಗಿ ಅಲ್ಲೇ ಉಳಿದು, ಬೆಳಿಗ್ಗೆ ಆರಕ್ಕೆ, ಕಣದ ಮೇಲೆ ಇನ್ನೂ ಮಂಜು ಕೂತಿರುವಾಗ, ರೈಟರ ಕೈಯಲ್ಲೇ ಸ್ವಿಚ್ ಹಾಕಿಸಿದೆ. ಹಸಿರು ದೀಪ ಮೂರು ಸಲ ಮಿನುಗಿತು. "ಒಲೆ ಹತ್ರ ಇಡೋದು ಬೇಡ್ವಾ ಸಾರ್?" ಅಂದರು. ಬೇಡ ಅಂದೆ.

ಮುಚ್ಚಳ ಹಾಕುವ ಮುಂಚೆ ಒಳಗಡೆ ಒಂದು ಚೀಟಿ ಅಂಟಿಸಿದೆ. ನಾಲ್ಕು ಲೇನಿನ ಕಿಟಕಿ, 45 ಡಿಗ್ರಿಯಲ್ಲಿ ಎಷ್ಟು, 11 ಡಿಗ್ರಿಯಲ್ಲಿ ಎಷ್ಟು, ಅಳೆದ ತಾರೀಖು. ಮುಂದೆ ಈ ಡಬ್ಬ ತೆರೆಯುವವರು ಮತ್ತೆ ಅಳೆದು ಇದರ ಜೊತೆ ಹೋಲಿಸಿದರೆ ಸಾಕು, ಏನು ಜರುಗಿದೆ ಅಂತ ಅಲ್ಲೇ ಕಾಣುತ್ತದೆ.